ಕಹಳೆಯೂ ತುತೂರಿಯೂ

ಕೊಳಲಿಗೆ ರಂಧ್ರಗಳುಂಟು, ನಾಗಸ್ವರಕ್ಕೂ ಉಂಟು, ವೀಣೆಗೆ ಮೆಟ್ಟಿಲುಗಳುಂಟು. ನುಡಿಸುವವರು ಬೆರಳನ್ನು ಎಲ್ಲಿ ಇಡುವರೋ ಅಲ್ಲಿಯ ಸ್ವರವು ಹೊರಡುವುದು. ಆದರೆ ಜಾತ್ರೆಯಲ್ಲಿ ಉತ್ಸವದ ಮುಂದೆ ಊದುವ ಕಹಳೆಯನ್ನು ನೋಡಿದರೆ ಅದರಲ್ಲಿ ಇವಾವುವೂ ಇಲ್ಲ. ಅದೊಂದು ಬಾಗಿದ ಹಿತ್ತಾಳೆಯ ಕೊಳವೆ. ಒಂದು ತುದಿಯಲ್ಲಿ ತುಟಿಯನ್ನಿಡಲು ಕಿರಿದಾದ ಬಾಯಿ, ಮತ್ತೊಂದು ತುದಿಯಲ್ಲಿ ಅರಳಿದ ಬಾಯಿ, ಇಷ್ಟೇ. ಬೆರಳುಗಳಿಗೆ ಅಲ್ಲಿ ಕೆಲಸವೇ ಇಲ್ಲ. ಹೀಗಿದ್ದರೂ ಕಹಳೆಯವನು ಒಂದೇ ಸ್ವರವನ್ನು ಊದುವುದಿಲ್ಲ; ಕೆಳಗಿನ ಸ್ವರದಿಂದ ಮೇಲಕ್ಕೆ ಹಾರಿ, ಅಲ್ಲಿಂದ ಇನ್ನೂ ಮೇಲಕ್ಕೆ ಏರಿ, ಮತ್ತೆ ಇಳಿಯುತ್ತಾನೆ. ಇದು ಹೇಗೆ ಸಾಧ್ಯವಾಯಿತು?

ಈ ಪ್ರಶ್ನೆಯು ಇನ್ನೊಂದು ಕಾರಣದಿಂದಲೂ ವಿಚಾರಿಸತಕ್ಕದ್ದಾಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕ್ರಿಸ್ಮಸ್ ಕಾಲದಲ್ಲಿ ಹ್ಯಾಂಡೆಲನ ‘ಹಲ್ಲೆಲೂಯ’ ಗೀತವನ್ನು ಹಾಡಿರಬಹುದು, ಇಲ್ಲವೆ ಕೇಳಿರಬಹುದು. ಅದರ ನಡುವೆ ಮಿಂಚಿನಂತೆ ಹೊಳೆಯುವ ತುತೂರಿಯ ಧ್ವನಿಯನ್ನು ಈಗ ಸಾಧಾರಣವಾಗಿ ಮೂರು ಕವಾಟಗಳುಳ್ಳ ತುತೂರಿಯಿಂದಲೋ, ಹಾರ್ಮೋನಿಯಮ್ಮಿನ ಜಾತಿಯ ಯಾವುದಾದರೊಂದು ವಾದ್ಯದಿಂದಲೋ ಹೊರಡಿಸುತ್ತಾರೆ. ಹ್ಯಾಂಡೆಲನ ಕಾಲದ ತುತೂರಿಗೆ ಕವಾಟವಿರಲಿಲ್ಲ, ರಂಧ್ರವೂ ಇರಲಿಲ್ಲ. ಅದು ನಮ್ಮ ಕಹಳೆಯ ಒಡಹುಟ್ಟಿದ ವಾದ್ಯ. ಸುಮಾರು ೧೬೦೦ರಿಂದ ೧೭೫೦ರವರೆಗಿನ ಕಾಲವನ್ನು ಪಾಶ್ಚಾತ್ಯ ಸಂಗೀತದಲ್ಲಿ ಬರೋಕ್ ಯುಗವೆಂದು ಕರೆಯುತ್ತಾರೆ. ಆ ನೂರೈವತ್ತು ವರ್ಷಗಳಲ್ಲಿ ಈ ಬರಿಯ ಕೊಳವೆಯ ಮೇಲೆ ಯೂರೋಪಿನವರು ಸಾಧಿಸಿದ ವಿದ್ಯೆಯು ಆಶ್ಚರ್ಯಕರವಾದುದು. ಅದು ಬೇಗನೆ ನಾಶವಾದ ರೀತಿಯು ಅದಕ್ಕಿಂತಲೂ ವಿಚಾರಾರ್ಹವಾದುದು.

ಮೊದಲು ಸ್ವರಗಳ ಹುಟ್ಟನ್ನು ತಿಳಿಯೋಣ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟು ಕೇಳಿದರೆ ಷಡ್ಜವಲ್ಲದೆ ಇನ್ನೂ ಕೆಲವು ಸ್ವರಗಳು ಮೆಲ್ಲನೆ ಕೇಳಿಸುತ್ತವೆ. ಅವುಗಳಲ್ಲಿ ಅಂತರ ಗಾಂಧಾರವು ಸ್ಪಷ್ಟವಾದುದು. ಯಾರೂ ಅದನ್ನು ಮೀಟಲಿಲ್ಲ, ಆದರೂ ಅದು ಹುಟ್ಟಿತು. ಇಂತಹ ಸ್ವರಗಳಿಗೆ ನಮ್ಮವರು ಸ್ವಯಂಭೂ ಸ್ವರಗಳೆಂದು ಹೆಸರಿಟ್ಟರು. ವಿಜಯನಗರದ ರಾಮಾಮಾತ್ಯನು ೧೫೫೦ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ವಿಚಾರವನ್ನು ಹೇಳುವಾಗ ಈ ಮಾತು ಬಂದಿದೆ. ತಂತಿಯು ಇಡಿಯಾಗಿ ಕಂಪಿಸುವಾಗಲೇ ಅರ್ಧ ಅರ್ಧವಾಗಿಯೂ, ಮೂರು ಪಾಲಾಗಿಯೂ, ನಾಲ್ಕು ಪಾಲಾಗಿಯೂ ಕಂಪಿಸುವುದೇ ಇದಕ್ಕೆ ಕಾರಣ. ಕೊಳವೆಯೊಳಗಿನ ಗಾಳಿಯೂ ಹಾಗೆಯೇ. ವ್ಯತ್ಯಾಸವೇನೆಂದರೆ, ತಂತಿಯಲ್ಲಿ ಈ ಸ್ವರಗಳೆಲ್ಲವೂ ಕೂಡಿ ಬರುತ್ತವೆ. ಕಹಳೆಯಲ್ಲಾದರೋ ಊದುವವನು ತುಟಿಯನ್ನು ಬಿಗಿ ಮಾಡಿ ಇಲ್ಲವೆ ಸಡಿಲಿಸಿ, ತನಗೆ ಬೇಕಾದ ಒಂದನ್ನು ಆರಿಸಿಕೊಳ್ಳಬಹುದು. ಅವನು ಸ್ವರವನ್ನು ಹೊಸದಾಗಿ ಮಾಡುವುದಿಲ್ಲ, ಕೊಳವೆಯು ಒಪ್ಪುವ ಸ್ವರಗಳೊಳಗೆ ಒಂದನ್ನು ಕರೆಯುತ್ತಾನೆ. ಕೊಳವೆಯು ಒಪ್ಪದುದನ್ನು ಎಷ್ಟು ಊದಿದರೂ ಅದು ಬಾರದು.

ಈ ಸ್ವರಗಳು ಯಾವ ಕ್ರಮದಲ್ಲಿ ಬರುತ್ತವೆಂಬುದನ್ನು ತಿಳಿದರೆ ಮುಂದಿನದೆಲ್ಲವೂ ಸುಲಭ. ಮೊದಲನೆಯದು ಬಹಳ ತಗ್ಗಿನ ಷಡ್ಜ. ಅದನ್ನು ಸಾಮಾನ್ಯವಾಗಿ ಊದುವುದೇ ಇಲ್ಲ. ಎರಡನೆಯದು ಅದರ ಮೇಲಿನ ಷಡ್ಜ. ಮೂರನೆಯದು ಪಂಚಮ. ನಾಲ್ಕನೆಯದು ಮತ್ತೆ ಷಡ್ಜ, ಐದನೆಯದು ಅಂತರ ಗಾಂಧಾರ, ಆರನೆಯದು ಪಂಚಮ, ಏಳನೆಯದು ಕೈಶಿಕಿ ನಿಷಾದಕ್ಕಿಂತ ಕೊಂಚ ತಗ್ಗಿದ ಒಂದು ನಿಷಾದ, ಎಂಟನೆಯದು ಷಡ್ಜ. ಕೆಳಗೆ ಸ್ವರಗಳು ದೂರದೂರವಾಗಿರುವುದನ್ನೂ, ಮೇಲೆ ಹೋದಂತೆ ಹತ್ತಿರ ಹತ್ತಿರವಾಗುವುದನ್ನೂ ವಾಚಕರು ಗಮನಿಸಿರಬಹುದು. ಎಂಟರಿಂದ ಮೇಲೆ ನಿಜವಾದ ಮೆಟ್ಟಿಲುಗಳೇ ದೊರೆಯುತ್ತವೆ: ಒಂಬತ್ತನೆಯದು ಚತುಶ್ರುತಿ ರಿಷಭ, ಹತ್ತನೆಯದು ಅಂತರ ಗಾಂಧಾರ, ಹನ್ನೊಂದನೆಯದು ಮಧ್ಯಮ, ಹನ್ನೆರಡನೆಯದು ಪಂಚಮ, ಹದಿಮೂರನೆಯದು ಧೈವತ, ಹದಿನಾಲ್ಕು ಹದಿನೈದು ಎರಡು ನಿಷಾದಗಳು, ಹದಿನಾರನೆಯದು ತಾರಷಡ್ಜ. ಹೀಗೆ ರಂಧ್ರವಿಲ್ಲದ ಕೊಳವೆಯಲ್ಲಿಯೂ ಒಂದು ಪೂರ್ಣವಾದ ಸ್ಥಾಯಿಯು ಅಡಗಿದೆ. ಆದರೆ ಅದು ಬಹಳ ಎತ್ತರದಲ್ಲಿ ಅಡಗಿದೆ. ತುಟಿಗೂ ಉಸಿರಿಗೂ ಎತ್ತಲಾರದಷ್ಟು ಎತ್ತರದಲ್ಲಿ.

ಇದರಿಂದಲೇ ತುತೂರಿಯ ಉದ್ದವು ಮುಖ್ಯವಾಗುತ್ತದೆ. ಕೊಳವೆಯು ಉದ್ದವಾದಷ್ಟೂ ಅದರ ಮೊದಲನೆಯ ಷಡ್ಜವು ತಗ್ಗುವುದು. ಅದು ತಗ್ಗಿದರೆ ಎಂಟರಿಂದ ಹದಿನಾರರವರೆಗಿನ ಸ್ವರಗಳು ಕೈಗೆಟಕುವಷ್ಟು ಕೆಳಕ್ಕೆ ಬರುವುವು. ಬರೋಕ್ ಕಾಲದ ತುತೂರಿಯು ಬಿಡಿಸಿ ನೇರ ಮಾಡಿದರೆ ಏಳರಿಂದ ಎಂಟು ಅಡಿ ಉದ್ದವಾಗುವಂತಹುದು. ಈಗಿನ ಕವಾಟದ ತುತೂರಿಯ ಕೊಳವೆ ಅದರ ಅರ್ಧದಷ್ಟೇ. ತೆಳುವಾದ ಹಿತ್ತಾಳೆಯ ತಗಡನ್ನು ಸುರುಳಿ ಮಾಡಿ, ಬೆಸೆದು, ಬಡಿದು ಮಾಡಿದ, ಒಳಗಡೆ ಅರ್ಧ ಅಂಗುಲಕ್ಕಿಂತಲೂ ಕಿರಿದಾದ ಆ ಕೊಳವೆಯನ್ನು ಎರಡು ಸಲ ಮಡಿಸಿ ಹಿಡಿಯಲು ಅನುಕೂಲ ಮಾಡುತ್ತಿದ್ದರು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಕಂಚುಗಾರರು, ಅವರಲ್ಲಿಯೂ ಹಾಸ್ ಮತ್ತು ಏಹೆ ಎಂಬ ಮನೆತನದವರು, ಇದರಲ್ಲಿ ಹೆಸರಾದವರು.

ಇನ್ನೊಂದು ತೊಡಕುಂಟು. ಸ್ವಯಂಭೂ ಸ್ವರಗಳೆಲ್ಲವೂ ನಮ್ಮ ಕಿವಿಗೆ ಒಪ್ಪುವಂತಹವಲ್ಲ. ಹನ್ನೊಂದನೆಯದು ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ. ಸುಮಾರು ನಡುವೆ ನಿಂತಿದೆ. ಹದಿಮೂರನೆಯದು ಶುದ್ಧ ಧೈವತಕ್ಕೂ ಚತುಶ್ರುತಿ ಧೈವತಕ್ಕೂ ನಡುವಿನದು. ಮೇಳದಲ್ಲಿ ಪಿಟೀಲುಗಳು ಶುದ್ಧ ಮಧ್ಯಮವನ್ನು ನುಡಿಸುತ್ತಿರುವಾಗ ತುತೂರಿಯವನು ತನ್ನ ಹನ್ನೊಂದನೆಯ ಸ್ವರವನ್ನು ಇದ್ದಂತೆಯೇ ಊದಿದರೆ ಕೇಳುವವರು ಕಿವಿ ಮುಚ್ಚಿಕೊಳ್ಳಬೇಕಾದೀತು. ಆದುದರಿಂದ ಅವನು ತುಟಿಯ ಬಲದಿಂದ ಅದನ್ನು ಒಮ್ಮೆ ಕೆಳಗೆ ಎಳೆದು ಶುದ್ಧ ಮಧ್ಯಮವಾಗಿಯೂ, ಒಮ್ಮೆ ಮೇಲಕ್ಕೆ ನೂಕಿ ಪ್ರತಿ ಮಧ್ಯಮವಾಗಿಯೂ ಮಾಡಬೇಕಾಗಿತ್ತು. ಇದನ್ನು ಕ್ಷಣಮಾತ್ರದಲ್ಲಿ, ವೇಗವಾಗಿ ಹರಿಯುವ ಸ್ವರಗಳ ನಡುವೆ ಮಾಡತಕ್ಕದ್ದು! ನಮ್ಮ ಗಾಯಕರು ಗಮಕದಿಂದ ಸ್ವರವನ್ನು ಬಾಗಿಸುವುದನ್ನು ಬಲ್ಲವರಿಗೆ ಈ ಕೆಲಸದ ಸೂಕ್ಷ್ಮತೆಯು ಬೇಗ ಅರ್ಥವಾದೀತು.

ಪರೀಕ್ಷಿಸಿ ನೋಡಬೇಕೆನ್ನುವ ಹುಡುಗಿಯರು ತೋಟಕ್ಕೆ ನೀರು ಹಾಯಿಸುವ ಅರ್ಧ ಅಂಗುಲದ ರಬ್ಬರು ಕೊಳವೆಯನ್ನು ಏಳು ಅಡಿ ಕತ್ತರಿಸಿ, ಒಂದು ತುದಿಗೆ ಎಣ್ಣೆ ಹಾಕುವ ಆಲಿಕೆಯನ್ನು ಸಿಕ್ಕಿಸಿ, ಮತ್ತೊಂದು ತುದಿಯಲ್ಲಿ ತುಟಿಗಳನ್ನು ಬಿಗಿಹಿಡಿದು ಅವು ಅದುರುವಂತೆ ಊದಲಿ. ಸ್ವಲ್ಪ ಅಭ್ಯಾಸವಾದ ಮೇಲೆ ಷಡ್ಜ, ಪಂಚಮ, ಷಡ್ಜ, ಗಾಂಧಾರಗಳು ಒಂದೊಂದಾಗಿ ಬರುವುವು. ಅಭ್ಯಾಸವನ್ನು ನೆರೆಮನೆಯವರ ನಿದ್ರೆಯ ಹೊತ್ತಿನಲ್ಲಿ ಮಾಡದಿರುವುದು ಒಳ್ಳೆಯದು.

ಗೈಡ್ ದಳದಲ್ಲಿದ್ದವರಿಗೆ ಬ್ಯೂಗಲ್ ಪರಿಚಿತವೇ ಆಗಿದೆ. ಅದೂ ಇದೇ ಜಾತಿಯ ವಾದ್ಯವಾದರೂ ಅದರ ಕರೆಗಳು ಎರಡರಿಂದ ಆರರವರೆಗಿನ ಐದು ಸ್ವರಗಳಲ್ಲಿಯೇ ಮುಗಿಯುತ್ತವೆ. ಷಡ್ಜ, ಪಂಚಮ, ಗಾಂಧಾರಗಳ ಹೊರತು ಬೇರೆ ಸ್ವರವು ಅವುಗಳಲ್ಲಿಲ್ಲ. ಯೂರೋಪಿನ ತುತೂರಿಯೂ ಮೊದಲು ಹೀಗೆಯೇ ಇದ್ದಿತು: ಯುದ್ಧದಲ್ಲಿ ಕುದುರೆಯ ದಂಡಿಗೆ ಅಪ್ಪಣೆ ತಿಳಿಸುವುದು, ಅರಮನೆಯಲ್ಲಿ ದೊರೆಯು ಊಟಕ್ಕೆ ಕುಳಿತನೆಂದು ಸಾರುವುದು ಅದರ ಕೆಲಸ. ೧೬೦೭ರಲ್ಲಿ ಇಟಲಿಯ ಮಾಂಟುವಾದಲ್ಲಿ ಪ್ರದರ್ಶಿತವಾದ ಮಾಂಟೆವರ್ದಿಯ ‘ಓರ್ಫೆಯೋ’ ಎಂಬ ಸಂಗೀತ ನಾಟಕವು ತುತೂರಿಗಳ ಮೇಳದಿಂದಲೇ ಆರಂಭವಾಗುತ್ತದೆ. ಅದರಲ್ಲಿ ಕೆಳಗಿನ ಇಬ್ಬರು ಷಡ್ಜ ಪಂಚಮಗಳನ್ನು ಬಿಡದೆ ಹಿಡಿದು ನಿಲ್ಲುತ್ತಾರೆ, ನಮ್ಮ ನಾಗಸ್ವರದ ಪಕ್ಕದಲ್ಲಿ ಒತ್ತು ಊದುವವನಂತೆ. ಮೇಲಿನವನು ಮಾತ್ರ ಎಂಟನೆಯ ಸ್ವರವನ್ನು ದಾಟಿ ಮೆಟ್ಟಿಲುಗಳ ಮೇಲೆ ಓಡಾಡುತ್ತಾನೆ. ಆ ಎತ್ತರದ ಭಾಗಕ್ಕೆ ಕ್ಲಾರಿನೋ ಎಂದು ಹೆಸರು. ಮುಂದಿನ ನೂರು ವರ್ಷಗಳ ಇತಿಹಾಸವೆಲ್ಲ ಈ ಮೇಲಿನವನ ಇತಿಹಾಸವೇ. ಇಟಲಿಯ ಫಾಂತೀನಿಯು ೧೬೩೮ರಲ್ಲಿಯೇ ಈ ವಿದ್ಯೆಗೊಂದು ಪಾಠಪುಸ್ತಕವನ್ನು ಅಚ್ಚು ಹಾಕಿಸಿದನು.

ಇಂತಹ ವಾದ್ಯವನ್ನು ಯಾರು ಬೇಕಾದರೂ ಊದುವಂತಿರಲಿಲ್ಲ. ೧೬೨೩ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡನು ತುತೂರಿಯವರ ಸಂಘಕ್ಕೆ ಸನ್ನದನ್ನು ಕೊಟ್ಟನು. ಸಂಘದವರಲ್ಲಿ ಎರಡು ವರ್ಷ ಶಿಷ್ಯನಾಗಿದ್ದು ಕಲಿತವನಿಗೆ ಮಾತ್ರ ವಿದ್ಯೆಯ ಹಕ್ಕು. ತುತೂರಿಯ ಧ್ವನಿ ರಾಜರ ಮತ್ತು ಮಹನೀಯರ ಗೌರವಕ್ಕೆ ಮೀಸಲು. ಇದನ್ನು ಓದಿದ ಕನ್ನಡಿಗನಿಗೆ ನಮ್ಮ ಶಿಲಾಶಾಸನಗಳು ನೆನಪಿಗೆ ಬಾರದೆ ಇರವು. ರಾಷ್ಟ್ರಕೂಟ ಚಾಲುಕ್ಯರ ಕಾಲದ ಸಾಮಂತರ ಬಿರುದುಗಳಲ್ಲಿ ‘ಸಮಧಿಗತಪಂಚಮಹಾಶಬ್ದ’ ಎಂಬುದು ಮತ್ತೆ ಮತ್ತೆ ಬರುವುದು. ಐದು ಮಹಾವಾದ್ಯಗಳನ್ನು ತನ್ನ ಮುಂದೆ ಬಾರಿಸಿಕೊಳ್ಳುವ ಹಕ್ಕನ್ನು ಸಾರ್ವಭೌಮನಿಂದ ಪಡೆದವನೆಂದು ಅದರ ಅರ್ಥ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಆ ಐದನ್ನು ಎಣಿಸುವುದುಂಟು. ಶೃಂಗವೆಂದರೆ ನಮ್ಮ ಕೊಂಬೇ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಕಾಹಲವನ್ನು ವರ್ಣಿಸಿ, ಅದರ ಬಾಯಿ ಉಮ್ಮತ್ತದ ಹೂವಿನಂತಿರುವುದೆಂದೂ, ವೀರರ ಬಿರುದುಗಳನ್ನು ಸಾರುವುದು ಅದರ ಕಾರ್ಯವೆಂದೂ ಹೇಳಿದ್ದಾನೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಯೂರೋಪಿನಲ್ಲಿ ಗೌರವವು ಊಳಿಗದವನಿಗೂ ಸ್ವಲ್ಪ ಸೋರಿ ಬಂದಿತು. ಅಲ್ಲಿಯ ಅರಮನೆಯ ತುತೂರಿಯವನು ಕುದುರೆಯೇರಿ ಹೋಗುವ ಅಧಿಕಾರಿ. ನಮ್ಮಲ್ಲಿ ಧ್ವನಿಯನ್ನು ಕೇಳಿಸಿಕೊಂಡವನಿಗೆ ಬಿರುದು ದೊರೆಯಿತು. ಊದಿದವನ ಹೆಸರು ಕಲ್ಲಿನ ಮೇಲೆ ಏರಿದುದು ಅಪರೂಪ.

ಕ್ಲಾರಿನೋ ವಿದ್ಯೆಯ ಶಿಖರವನ್ನು ನೋಡಬೇಕಾದರೆ ಜರ್ಮನಿಯ ಲೈಪ್ಜಿಗ್ ಪಟ್ಟಣಕ್ಕೆ ಹೋಗಬೇಕು. ಯೊಹಾನ್ ಸೆಬಾಸ್ಟಿಯನ್ ಬಾಖ್ ೧೭೨೩ರಲ್ಲಿ ಅಲ್ಲಿಗೆ ಬಂದಾಗ ಪಟ್ಟಣದ ವಾದ್ಯಗಾರರಲ್ಲಿ ಹಿರಿಯನಾಗಿದ್ದವನು ಗಾಟ್‌ಫ್ರೀಡ್ ರೈಖೆ. ಅವನು ಹುಟ್ಟಿದುದು ೧೬೬೭ರಲ್ಲಿ. ಬಾಖನಿಗಿಂತ ಹದಿನೆಂಟು ವರ್ಷ ದೊಡ್ಡವನು. ಬಾಖನು ಲೈಪ್ಜಿಗಿನಲ್ಲಿ ಬರೆದ ಕಠಿನವಾದ ತುತೂರಿಯ ಪಾಲುಗಳಲ್ಲಿ ಬಹಳಷ್ಟು ಇವನ ಶಕ್ತಿಯನ್ನು ನಂಬಿ ಬರೆದುವೆಂದು ತಿಳಿದವರ ಅಭಿಪ್ರಾಯ. ಸುರುಳಿಯಾಗಿ ಮಡಿಸಿದ ತುತೂರಿಯನ್ನು ಒಂದು ಕೈಯಲ್ಲಿಯೂ, ಸ್ವರ ಬರೆದ ಕಾಗದವನ್ನು ಇನ್ನೊಂದರಲ್ಲಿಯೂ ಹಿಡಿದಿರುವ ಇವನ ಚಿತ್ರವನ್ನು ಹೌಸ್ಮನ್ ಎಂಬ ಚಿತ್ರಕಾರನು ಬರೆದಿದ್ದಾನೆ. ವಾದ್ಯಗಾರನೊಬ್ಬನಿಗೆ ಇಂತಹ ಮರ್ಯಾದೆಯು ಅಂದಿಗೆ ಸಾಮಾನ್ಯವಲ್ಲ. ೧೭೩೪ನೆಯ ಅಕ್ಟೋಬರ್ ೫ರ ರಾತ್ರಿ ಅರಸನ ಗೌರವಾರ್ಥವಾಗಿ ಬಯಲಿನಲ್ಲಿ ಪಂಜುಗಳ ಬೆಳಕಿನಲ್ಲಿ ಬಾಖನ ಹೊಸ ಕೃತಿಯೊಂದು ನಡೆಯಿತು. ಮರುದಿನ ರೈಖೆಯು ಮನೆಗೆ ಹೋಗುವ ದಾರಿಯಲ್ಲಿ ಕುಸಿದು ಬಿದ್ದು ಸತ್ತನು. ಹಿಂದಿನ ರಾತ್ರಿಯ ಊದುವಿಕೆಯ ಆಯಾಸವೂ ಪಂಜಿನ ಹೊಗೆಯೂ ಕಾರಣವೆಂದು ಅಂದಿನವರು ಬರೆದಿಟ್ಟರು. ಅವನಿಗೆ ಅರುವತ್ತೇಳು ವರ್ಷ. ಆ ವಯಸ್ಸಿನಲ್ಲಿ ಹದಿನಾರನೆಯ ಸ್ವರದ ಎತ್ತರಕ್ಕೆ ಏರುತ್ತಿದ್ದವನ ಪುಪ್ಪುಸಗಳ ಬಲವನ್ನು ಊಹಿಸಬಹುದು.

ಹ್ಯಾಂಡೆಲನು ಬಾಖನಂತೆ ಊದುವವನನ್ನು ದಣಿಸಲಿಲ್ಲ. ಅವನ ಜಾಣತನವು ಮಿತವ್ಯಯದಲ್ಲಿದೆ. ‘ಮೆಸ್ಸಾಯ’ ಎಂಬ ದೊಡ್ಡ ಕೃತಿಯನ್ನು ಅವನು ೧೭೪೧ರಲ್ಲಿ ಇಪ್ಪತ್ತನಾಲ್ಕು ದಿನಗಳಲ್ಲಿ ಬರೆದನು. ೧೭೪೨ನೆಯ ಏಪ್ರಿಲ್ ೧೩ರಂದು ಡಬ್ಲಿನ್ ನಗರದಲ್ಲಿ ಅದು ಮೊದಲು ನಡೆಯಿತು. ಬಂದ ಹಣವು ಸಾಲದಿಂದ ಸೆರೆಯಲ್ಲಿದ್ದವರಿಗೂ ಆಸ್ಪತ್ರೆಗಳಿಗೂ ಸಂದಿತು. ಎರಡು ಗಂಟೆಗಳಿಗೆ ಮೀರಿದ ಆ ಕೃತಿಯಲ್ಲಿ ತುತೂರಿಗಳು ಊದುವುದು ನಾಲ್ಕೇ ಕಡೆಗಳಲ್ಲಿ. ಮೊದಲನೆಯದು ಕುರುಬರಿಗೆ ದೇವದೂತರು ಕಾಣಿಸಿಕೊಂಡು ದೇವರನ್ನು ಕೊಂಡಾಡುವ ಸಂದರ್ಭ. ಅಲ್ಲಿ ತುತೂರಿಯು ದೂರದಿಂದ ಕೇಳಿಬರುವಂತೆ ಮೆಲ್ಲಗೆ ಊದತಕ್ಕದ್ದೆಂದು ಹ್ಯಾಂಡೆಲನು ಸ್ವಹಸ್ತದಿಂದ ಸೂಚಿಸಿದ್ದಾನೆ. ಗಟ್ಟಿಯಾಗಿ ಊದುವುದಕ್ಕಾಗಿಯೇ ಹುಟ್ಟಿದ ವಾದ್ಯವನ್ನು ಮೆಲ್ಲಗೆ ಊದಿಸಿ ಆಕಾಶವನ್ನು ತೋರಿಸಿದ ಈ ಸ್ಥಳವು ನನಗೆ ‘ಹಲ್ಲೆಲೂಯ’ಕ್ಕಿಂತಲೂ ಮೇಲಾಗಿ ತೋರುತ್ತದೆ. ಎರಡನೆಯದು ‘ಹಲ್ಲೆಲೂಯ’. ಮೂರನೆಯದು ಕೊರಿಂಥದವರಿಗೆ ಬರೆದ ಪತ್ರಿಕೆಯ ಹದಿನೈದನೆಯ ಅಧ್ಯಾಯದಿಂದ ತೆಗೆದ ಮಾತುಗಳು: ಕಡೆಯ ತುತೂರಿಯು ಊದಲು ಸತ್ತವರು ಏಳುವರೆಂಬ ಭಾಗ. ತಗ್ಗಿದ ಪುರುಷಸ್ವರದ ಗಾಯಕನೊಬ್ಬನೂ ಒಂದೇ ಒಂದು ತುತೂರಿಯೂ ಅಲ್ಲಿ ಪರಸ್ಪರ ಮಾತನಾಡುವಂತೆ ಹಾಡುತ್ತವೆ. ಲಂಡನ್ನಿನಲ್ಲಿ ಹ್ಯಾಂಡೆಲನ ಮೇಳಕ್ಕೆ ತುತೂರಿ ಊದುತ್ತಿದ್ದವನು ವ್ಯಾಲೆಂಟೈನ್ ಸ್ನೋ. ನಾಲ್ಕನೆಯದು ಮುಕ್ತಾಯದ ಗೀತ.

ಇದೆಲ್ಲವೂ ಗಂಡಸರ ವಿದ್ಯೆಯೇ ಆಗಿದ್ದಿತೆಂದು ನಮ್ಮ ವಿದ್ಯಾರ್ಥಿನಿಯರು ತಿಳಿಯಬಾರದು. ವೆನಿಸ್ ನಗರದಲ್ಲಿ ಅನಾಥ ಹುಡುಗಿಯರನ್ನು ಸಾಕಿ ಸಂಗೀತವನ್ನು ಕಲಿಸುತ್ತಿದ್ದ ಧರ್ಮಾಲಯಗಳು ನಾಲ್ಕಿದ್ದುವು. ಅವುಗಳಲ್ಲೊಂದಾದ ಪಿಯೆತಾದಲ್ಲಿ ವಿವಾಲ್ಡಿಯು ೧೭೦೩ರಿಂದ ಪಿಟೀಲಿನ ಉಪಾಧ್ಯಾಯನಾಗಿದ್ದನು. ತುತೂರಿಯೊಂದು ಸೇರಿರುವ ಅವನ ಪ್ರಸಿದ್ಧವಾದ ‘ಗ್ಲೋರಿಯಾ’ ಗೀತವು ಆ ಹುಡುಗಿಯರ ಮೇಳಕ್ಕಾಗಿ ಬರೆದುದು. ಇಂಗ್ಲೆಂಡಿನ ಚಾರಲ್ಸ್ ಬರ್ನಿಯು ೧೭೭೦ರಲ್ಲಿ ವೆನಿಸಿಗೆ ಹೋದಾಗ ಇಂತಹ ಧರ್ಮಾಲಯದಲ್ಲಿ ಫ್ರೆಂಚ್ ಹಾರ್ನನ್ನು ಕೂಡ ಹುಡುಗಿಯರೇ ಊದುತ್ತಿದ್ದುದನ್ನು ಕಂಡು ಬೆರಗಾಗಿ ಬರೆದನು. ಅಂದಿನ ಹಾರ್ನು ಕವಾಟವಿಲ್ಲದ ಬರಿಯ ಕೊಳವೆಯೇ.

ಆದರೆ ಬರ್ನಿಯು ವೆನಿಸಿಗೆ ಹೋದ ಕಾಲಕ್ಕೆ ಕ್ಲಾರಿನೋ ವಿದ್ಯೆಯು ಆಗಲೇ ಆರಿಹೋಗುತ್ತಿದ್ದಿತು. ೧೭೮೯ರಲ್ಲಿ ವಿಯೆನ್ನಾದಲ್ಲಿ ‘ಮೆಸ್ಸಾಯ’ವನ್ನು ನಡೆಸಲು ಮೊಟ್ಸಾರ್ಟನು ಅದನ್ನು ಹೊಸದಾಗಿ ಹೊಂದಿಸಿ ಬರೆಯಬೇಕಾಯಿತು. ಕಡೆಯ ತುತೂರಿಯ ಆ ಗೀತಕ್ಕೆ ಬಂದಾಗ ಅದನ್ನು ಚಿಕ್ಕದು ಮಾಡಿ, ತುತೂರಿಯ ಪಾಲನ್ನು ಮಾರ್ಪಡಿಸಿ, ಹಾರ್ನಿನ ಸಹಾಯವನ್ನು ಪಡೆದನು. ಏಕೆಂದರೆ ಇದ್ದುದನ್ನು ಇದ್ದಂತೆ ಊದಬಲ್ಲವರು ಅವನ ಕಾಲಕ್ಕೆ ದೊರೆಯುತ್ತಿರಲಿಲ್ಲ. ಡಬ್ಲಿನ್ನಿನ ಮೊದಲ ಸಭೆಗೂ ಇದಕ್ಕೂ ನಡುವೆ ನಲವತ್ತೇಳು ವರ್ಷಗಳು ಮಾತ್ರ! ಒಬ್ಬ ಮನುಷ್ಯನ ಆಯುಷ್ಯದೊಳಗೆ ನೂರೈವತ್ತು ವರ್ಷಗಳ ವಿದ್ಯೆಯು ಹೋಯಿತು. ವಾದ್ಯಗಳು ಮುರಿದುವೇ? ಇಲ್ಲ. ಪುಸ್ತಕಗಳು ಸುಟ್ಟುವೇ? ಅದೂ ಇಲ್ಲ. ಕೇಳುವವರ ರುಚಿಯು ಬದಲಾಯಿತು. ಅರಮನೆಗಳಲ್ಲಿ ತುತೂರಿಯವರ ಸ್ಥಾನಗಳು ಕಡಮೆಯಾದುವು. ಹುಡುಗರು ಕಲಿಯುವುದನ್ನು ಬಿಟ್ಟರು. ಆಲ್ಟೆನ್‌ಬುರ್ಗ್ ಎಂಬ ತುತೂರಿಯವನು ಈ ಕಲೆಯ ಮೇಲೆ ಬರೆದ ದೊಡ್ಡ ಗ್ರಂಥವು ೧೭೯೫ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅದನ್ನು ಓದಿ ಊದುವವರೇ ವಿರಳವಾಗಿದ್ದರು. ಮರುವರ್ಷ ಹೈಡನ್ನನು ಬರೆದ ಪ್ರಸಿದ್ಧವಾದ ತುತೂರಿಯ ಕೃತಿಯು ಕೊಳವೆಗೆ ರಂಧ್ರಗಳನ್ನು ಕೊರೆದು ಮುಚ್ಚಳಗಳನ್ನಿಟ್ಟ ಹೊಸ ವಾದ್ಯಕ್ಕಾಗಿ. ೧೮೧೪ರಿಂದ ೧೮೧೮ರೊಳಗೆ ಜರ್ಮನಿಯಲ್ಲಿ ಸ್ಟೋಲ್ಸೆಲ್, ಬ್ಲೂಮೆಲ್ ಎಂಬಿಬ್ಬರು ಕವಾಟವನ್ನು ಕಲ್ಪಿಸಿದರು. ಗುಂಡಿಯನ್ನು ಒತ್ತಿದರೆ ಒಳಗೆ ಇನ್ನಷ್ಟು ಕೊಳವೆ ಸೇರಿಕೊಂಡು ಷಡ್ಜವೇ ಬದಲಾಗುತ್ತದೆ. ಎತ್ತರಕ್ಕೆ ಏರುವ ಕಷ್ಟವು ತಪ್ಪಿತು. ಆ ಬಳಿಕ ಬಾಖನ ಪಾಲುಗಳನ್ನು ನೋಡಿದವರು ಇವು ಮನುಷ್ಯರಿಂದ ಆಗತಕ್ಕವಲ್ಲವೆಂದು ಆಶ್ಚರ್ಯಪಟ್ಟರು.

ಹೋದ ವಿದ್ಯೆಯನ್ನು ಮತ್ತೆ ತರಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು. ೧೯೬೦ರ ಸುಮಾರಿನಲ್ಲಿ ಆಟೋ ಸ್ಟೈನ್‌ಕಾಪ್ಫ್ ಎಂಬ ಕುಶಲನು ರೈಖೆಯ ಚಿತ್ರದಲ್ಲಿದ್ದಂತಹ ಸುರುಳಿ ತುತೂರಿಯನ್ನು ಮಾಡಿಸಿ, ಅಡ್ಡಾದಿಡ್ಡಿಯಾದ ಹನ್ನೊಂದು ಹದಿಮೂರನೆಯ ಸ್ವರಗಳನ್ನು ತಿದ್ದಲು ಸಣ್ಣ ರಂಧ್ರಗಳನ್ನು ಕೊರೆಯಿಸಿದನು. ಕಲೋನ್ ನಗರದ ವಾಲ್ಟರ್ ಹೋಲಿ ಅದನ್ನು ಊದಿ ತೋರಿಸಿದನು. ಎಡ್ವರ್ಡ್ ಟಾರ್ ಮೊದಲಾದವರು ಹಳೆಯ ಪುಸ್ತಕಗಳನ್ನು ಹುಡುಕಿ ಶಿಷ್ಯರನ್ನು ತಯಾರು ಮಾಡಿದರು. ಇಂದು ‘ಹಳೆಯ ತುತೂರಿ’ ಎಂದು ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವುದರಲ್ಲಿ ಬಹುಪಾಲು ಇಂತಹ ರಂಧ್ರಗಳುಳ್ಳ ವಾದ್ಯವೇ. ಇದು ಅರ್ಧ ಸತ್ಯವೆಂದು ಹೇಳಿದರೆ ಕೋಪಿಸಿಕೊಳ್ಳುವವರಿದ್ದಾರೆ, ಆದರೂ ಹೇಳತಕ್ಕದ್ದೇ. ರಂಧ್ರಗಳ ಸಹಾಯವಿಲ್ಲದೆ ತುಟಿಯಿಂದಲೇ ಸ್ವರವನ್ನು ತಿದ್ದುವವರು ಫ್ರಾನ್ಸಿನ ಮಾದೆಫ್ ಅವರಂತೆ ಕೆಲವರು ಮಾತ್ರ. ಇಂಗ್ಲೆಂಡಿನ ಅಲಿಸನ್ ಬಾಲ್ಸಮ್ ಎಂಬ ಮಹಿಳೆಯು ಪರ್ಸೆಲ್ ಹ್ಯಾಂಡೆಲರ ಕೃತಿಗಳನ್ನು ಬರೋಕ್ ತುತೂರಿಯ ಮೇಲೆ ಊದಿ ೨೦೧೨ರಲ್ಲಿ ಧ್ವನಿಮುದ್ರಿಕೆಯನ್ನು ಹೊರಡಿಸಿದುದನ್ನು ನಮ್ಮ ವಿದ್ಯಾರ್ಥಿನಿಯರು ಕೇಳಬಹುದು.

ನಮ್ಮ ಕಹಳೆಯು ಕ್ಲಾರಿನೋವಿನ ಎತ್ತರಕ್ಕೆ ಏರಲಿಲ್ಲ. ಅದರ ಕೊಳವೆಯು ಅಷ್ಟು ಉದ್ದವಲ್ಲ, ಬಾಯಿಯ ಕಡೆಗೆ ಅಗಲವಾಗುತ್ತಾ ಹೋಗುವುದು. ಅದರ ಕೆಲಸವೂ ಬೇರೆ. ರಾಗವನ್ನು ನಾಗಸ್ವರಕ್ಕೆ ಬಿಟ್ಟು, ತಮಟೆ ಡೋಲುಗಳ ನಡುವೆ ದೂರಕ್ಕೆ ಕೇಳುವ ಕೂಗನ್ನು ತಾನು ಇಟ್ಟುಕೊಂಡಿತು. ಎರಡು ಮೂರು ತುಂಡುಗಳಾಗಿ ಮಾಡಿದ ಅದನ್ನು ಜೋಡಿಸಿದರೆ ಬಾಲಚಂದ್ರನ ಆಕಾರವಾಗುವುದು. ಒಂದು ತುಂಡನ್ನು ತಿರುಗಿಸಿಟ್ಟರೆ ಹಾವಿನಂತೆ ಎರಡು ಬಳಕು ಬರುವುದು. ಸ್ವರದ ಮಟ್ಟಿಗೆ ಎರಡೂ ಒಂದೇ, ಕೊಳವೆಯು ಬಾಗಿದರೆ ಗಾಳಿಗೆ ಅದರ ಅರಿವಿಲ್ಲ. ಕೊಡಗಿನಲ್ಲಿ ಮದುವೆ ಪುತ್ತರಿಗಳಿಗೆ ಕೊಂಬು ಕೊಟ್ಟುಗಳ ವಾಲಗ ಇಂದಿಗೂ ಉಂಟು. ತುಳುನಾಡಿನ ಕಂಬಳದ ಮೆರವಣಿಗೆಯಲ್ಲಿಯೂ ಕೊಂಬಿಗೆ ಸ್ಥಾನವುಂಟು. ಬೆಂಗಳೂರಿನಲ್ಲಾದರೋ ಕಹಳೆಯ ಹೆಸರು ಬಂಡೆಗೆ ಉಳಿದಿದೆ. ಬಸವನಗುಡಿಯ ಕಹಳೆ ಬಂಡೆಯ ಮೇಲೆ ಕೆಂಪೇಗೌಡರ ಕಾಲದಲ್ಲಿ ಕಾವಲಿನವನು ಸಂಜೆಯ ಹೊತ್ತು ಪಂಜು ಹಿಡಿದು ಕಹಳೆಯನ್ನು ಊದಿ ಊರಿನವರನ್ನು ಎಚ್ಚರಿಸುತ್ತಿದ್ದನೆಂದು ಪ್ರತೀತಿ. ಈಗ ಅಲ್ಲಿ ಉದ್ಯಾನವಿದೆ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಜಾನಪದ ಲೋಕದಲ್ಲಿ ಹಳ್ಳಿಯ ವಾದ್ಯಗಳನ್ನು ಕಾಪಾಡಿಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಯೋಗ್ಯವಾದ ಸ್ಥಳ. ಆದರೆ ಗಾಜಿನ ಹಿಂದಿನ ಕೊಂಬು ಊದುವುದಿಲ್ಲ. ಆಲ್ಟೆನ್‌ಬುರ್ಗನ ಗ್ರಂಥದಂತಹ ಒಂದು ಗ್ರಂಥವೂ ನಮ್ಮ ಕಹಳೆಯವರ ತುಟಿಯ ವಿದ್ಯೆಗೆ ಇಲ್ಲದಿರುವಾಗ, ತಂದೆಯ ಕೈಯಿಂದ ಮಗನು ಅದನ್ನು ತೆಗೆದುಕೊಳ್ಳದ ದಿನ ಮತ್ತೆ ತರುವವರಿಗೆ ಹಿಡಿಯಲು ದಾರವೇ ಇರುವುದಿಲ್ಲ.

ನಮ್ಮ ಪಶ್ಚಿಮದ ಬಡಾವಣೆಗಳು ಹೊಲಗದ್ದೆಗಳ ಮೇಲೆ ಎದ್ದವು. ಅವುಗಳ ನಡುವೆ ಹಳೆಯ ಗ್ರಾಮಗಳು ಇನ್ನೂ ತಮ್ಮ ದೇವತೆಗಳ ಉತ್ಸವವನ್ನು ನಡೆಸುತ್ತವೆ. ಬ್ಯಾಂಡಿನವರೂ ಧ್ವನಿವರ್ಧಕಗಳೂ ಮುಂದಾಗಿ ಹೋದ ಮೇಲೆ, ತಮಟೆಯವರ ಸಾಲಿನಲ್ಲಿ ಎಲ್ಲಿಯಾದರೂ ಕಹಳೆಯವನಿದ್ದರೆ ನಿಂತು ಕೇಳಿರಿ. ಅವನು ಊದುವುದು ಸಾಮಾನ್ಯವಾಗಿ ಮೂರು ಸ್ವರ: ಷಡ್ಜ, ಪಂಚಮ, ಅದರ ಮೇಲೆ ಷಡ್ಜ. ಉಸಿರು ಗಟ್ಟಿಯಾಗಿರುವವನು ಇನ್ನೊಂದನ್ನು ಮುಟ್ಟಿದರೆ ಅದು ಗಾಂಧಾರವಾಗಿರುವುದು, ತಂಬೂರಿಯಲ್ಲಿ ಮೆಲ್ಲನೆ ಕೇಳಿಸುವ ಅದೇ ಗಾಂಧಾರ.